ಡೇಟಾ ರೂಮಿಗೆ ಬರುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಡೇಟಾ ರೂಮಿನಲ್ಲಿ ಸರ್ವೆ ಡೇಟಾ ನೋಡಿಕೊಳ್ಳುವವರು ನಾವು ಮೂರು ಜನ. ಮನೆಮನೆಗೆ ಹೋಗಿ ಕೇಳಿ ತಂದ ಆರೋಗ್ಯ, ಆದಾಯ, ಸಾಲ, ಜಾತಿಯ ವಿವರಗಳು ನಮ್ಮ ಸರ್ವರ್‌ನಲ್ಲಿವೆ. ಅವನ್ನು ಕಾಯುವುದೂ ನಮ್ಮ ಕೆಲಸ, ಬಳಸಲು ಬಂದವರಿಗೆ ಕೊಡುವುದೂ ನಮ್ಮ ಕೆಲಸ. ಹಾಗಾಗಿ ದಿನಕ್ಕೊಂದು ವಾದ ಇದ್ದದ್ದೇ. ಫೋನಿನಲ್ಲಿ, ಮೇಲ್‌ನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅರ್ಜಿ ಹಾಕುವ ಮೊದಲು ಒಮ್ಮೆ ಓದಿದರೆ ಇಬ್ಬರಿಗೂ ಹದಿನೈದು ದಿನ ಉಳಿಯುತ್ತದೆ.

ಡೇಟಾ ಫೈಲ್ ಮೇಲ್ ಮಾಡ್ತೀರಾ? ಇಲ್ಲಾ ಪೆನ್ ಡ್ರೈವ್ ತರ್ಲಾ?

ಎರಡೂ ಬೇಡ. ಫೈಲ್ ಇದ್ದಲ್ಲೇ ಇರುತ್ತದೆ, ನೀವು ಅದರ ಹತ್ತಿರ ಬರಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತಾಳೆಗರಿ ನೋಡಲು ಹೋದವರು ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಾರೆಯೇ? ಅಲ್ಲೇ ಕೂತು ಓದಿ, ಬೇಕಾದ್ದನ್ನು ಬರೆದುಕೊಂಡು ಬರುತ್ತಾರೆ. ಇಲ್ಲೂ ಹಾಗೇ. ನಮ್ಮ ಸರ್ವರ್‌ಗೆ ಲಾಗಿನ್ ಆದರೆ ಲೆಕ್ಕ ಮಾಡುವ ಆರ್, ಪೈಥಾನ್, ಸ್ಟಾಟಾ ತಂತ್ರಾಂಶಗಳೆಲ್ಲ ಅಲ್ಲೇ ಇವೆ. ಇಂಟರ್ನೆಟ್ ಇಲ್ಲ, ಅಲ್ಲಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಕಾಪಿ-ಪೇಸ್ಟ್ ಆಗುವುದಿಲ್ಲ, ಪೆನ್ ಡ್ರೈವ್ ಹಾಕಿದರೆ ತೆರೆಯುವುದಿಲ್ಲ. ಲೆಕ್ಕ ಮುಗಿದ ಮೇಲೆ ಬರೀ ಫಲಿತಾಂಶ ಹೊರಬರುತ್ತದೆ, ಅದೂ ನಾವು ನೋಡಿದ ಮೇಲೆ.

ಹೆಸರು, ಫೋನ್ ನಂಬರ್ ಎಲ್ಲಾ ತೆಗೆದಿದ್ದೀರಲ್ಲ, ಮತ್ತೆ ಯಾಕೆ ಇಷ್ಟು ಬಿಗಿ?

ತೊಂಬತ್ತರ ದಶಕದಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತು. ಯಾರನ್ನೂ ಗುರುತಿಸಲಾಗದು ಎಂದು ಗವರ್ನರ್ ವಿಲಿಯಂ ವೆಲ್ಡ್ ಭರವಸೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿ ಕೊಂಡರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ಗವರ್ನರರ ಅಂಚೆ ಕೋಡ್‌ನಲ್ಲಿ ಒಬ್ಬರೇ. ಹೆಸರು ತೆಗೆದ ದಾಖಲೆಗಳಲ್ಲೂ ಈ ವಿವರಗಳಿದ್ದವು; ಹೋಲಿಸಿದಾಗ ಗವರ್ನರರ ಆಸ್ಪತ್ರೆ ದಾಖಲೆ ಸಿಕ್ಕಿತು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಕೋಡ್ ಈ ಮೂರೇ ಗೊತ್ತಿದ್ದರೆ ಅಮೆರಿಕದ ಶೇ. 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಆಕೆ ಮುಂದೆ ಲೆಕ್ಕ ಹಾಕಿದರು.

ಆ 87 ನಮ್ಮಲ್ಲಿಗೆ ಹಾಗೇ ಹೊಂದುವುದಿಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಜೂನ್ 1 ಎಂದವರೇ ಸಾಲುಸಾಲು. ವಯಸ್ಸು ಕೇಳಿದರೆ ಐವತ್ತು, ಐವತ್ತೈದು, ಅರವತ್ತು. ಆದರೆ ಆ ಕೊರತೆಯನ್ನು ಜಾತಿ ಮತ್ತು ಊರು ಬಡ್ಡಿ ಸಮೇತ ತುಂಬಿಕೊಡುತ್ತವೆ. ಒಂದು ಸಣ್ಣ ಸಮುದಾಯದ ಹೆಸರು, ಹುಟ್ಟಿದ ತಾಲ್ಲೂಕು, ಈಗಿರುವ ಬಡಾವಣೆ, ಕೆಲಸ ಇಷ್ಟು ಸಿಕ್ಕರೆ ಹೆಸರು ಯಾಕೆ ಬೇಕು? ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಇರುವ ಮತದಾರರ ಪಟ್ಟಿಯಂತೂ ನಮ್ಮಲ್ಲಿ 20 ಡಾಲರ್ ಕೂಡ ಇಲ್ಲದೆ ಸಿಗುತ್ತದೆ.

ಆರೋಗ್ಯ ದಾಖಲೆಗಳ ಗೋಪ್ಯತೆಗೆಂದು ಅಮೆರಿಕದಲ್ಲಿರುವ ಹಿಪಾ ನಿಯಮದಲ್ಲಿ ತೆಗೆಯಬೇಕಾದ 18 ಗುರುತುಗಳ ಪಟ್ಟಿ ಇದೆ. ಕೆಲವರು ಅದನ್ನೇ ಹಿಡಿದು ಬರುತ್ತಾರೆ. ಆ ಪಟ್ಟಿಯಲ್ಲಿ ಜಾತಿ ಇಲ್ಲ. ಅಂಚೆ ಕೋಡಿನ ಮೊದಲ ಮೂರು ಅಂಕಿ ಉಳಿಸಿಕೊಳ್ಳಬಹುದು ಎಂದಿದೆ. ನಮ್ಮಲ್ಲಿ ಹಾಗೆ ಮಾಡಿದರೆ ಉಳಿಯುವುದು 560, ಅಂದರೆ ಯಶವಂತಪುರವೂ ಅದೇ, ವೈಟ್‌ಫೀಲ್ಡೂ ಅದೇ. ಒಂದು ಕಡೆ ಕಾಯುವುದಿಲ್ಲ, ಇನ್ನೊಂದು ಕಡೆ ಸಂಶೋಧನೆಗೆ ಬರುವುದಿಲ್ಲ.

ಫೋನ್ ನಂಬರನ್ನು ಹ್ಯಾಶ್ ಮಾಡಿ ಕೊಟ್ಟರೆ ಸಾಕಲ್ವಾ?

ಸಾಲದು. ಇಂಜಿನಿಯರುಗಳೇ ಹೆಚ್ಚಿರುವ ಊರಾದ್ದರಿಂದ ಇದನ್ನು ವಾರಕ್ಕೊಬ್ಬರು ಕೇಳುತ್ತಾರೆ. ಹ್ಯಾಶ್ ಎಂದರೆ ಒಂದು ಸೂತ್ರದಿಂದ ನಂಬರನ್ನು ಅರ್ಥವಾಗದ ಅಕ್ಷರಗಳ ಸಾಲಾಗಿ ಬದಲಿಸುವುದು; ಒಂದೇ ನಂಬರಿಗೆ ಯಾವಾಗಲೂ ಅದೇ ಸಾಲು ಬರುತ್ತದೆ. ನಮ್ಮ ಮೊಬೈಲ್ ನಂಬರ್ ಹತ್ತು ಅಂಕಿ, ಶುರುವಾಗುವುದು 6, 7, 8 ಅಥವಾ 9ರಿಂದ. ಒಟ್ಟು 400 ಕೋಟಿ ಸಾಧ್ಯತೆ. ದೊಡ್ಡ ಸಂಖ್ಯೆಯಂತೆ ಕಂಡರೂ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಕಾಫಿ ಕುಡಿದು ಬರುವಷ್ಟರ ಕೆಲಸ. 2014ರಲ್ಲಿ ನ್ಯೂಯಾರ್ಕ್ ನಗರದ ಟ್ಯಾಕ್ಸಿ ಪ್ರಯಾಣಗಳ ಡೇಟಾ ಹೊರಬಂದಾಗ ಆದದ್ದು ಇದೇ. ಪರವಾನಗಿ ಸಂಖ್ಯೆಗಳನ್ನು ಎಂಡಿ5 ಎಂಬ ಸೂತ್ರದಿಂದ ಬರೀ ಹ್ಯಾಶ್ ಮಾಡಿದ್ದರು. ಕೆಲವೇ ಗಂಟೆಗಳಲ್ಲಿ ಎಲ್ಲವೂ ಬಿಚ್ಚಿಕೊಂಡಿತು.

ನಾವು ಪ್ರತಿಯೊಬ್ಬರಿಗೂ ಲಾಟರಿ ಎತ್ತಿದಂತೆ ಒಂದು ಸಂಖ್ಯೆ ಕೊಡುತ್ತೇವೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಯಂತ್ರದಲ್ಲಿ, ಬೇರೆಯವರ ಕೈಯಲ್ಲಿದೆ. ಡೇಟಾ ನೋಡುವ ನನಗೆ ಆ ಪಟ್ಟಿ ತೆರೆಯಲು ಅನುಮತಿಯಿಲ್ಲ. ಕೇಳಿಯೂ ಇಲ್ಲ.

‘ಸೂಕ್ಷ್ಮ ಡೇಟಾ’ ಅಂದರೆ ಕಾನೂನಿನ ಪ್ರಕಾರ ಯಾವುದು?

2011ರ ಐಟಿ ನಿಯಮಗಳಲ್ಲಿ ಒಂದು ಪಟ್ಟಿ ಇತ್ತು: ಪಾಸ್‌ವರ್ಡ್, ಹಣಕಾಸಿನ ವಿವರ, ದೇಹ ಮತ್ತು ಮನಸ್ಸಿನ ಆರೋಗ್ಯ, ಲೈಂಗಿಕ ಒಲವು, ವೈದ್ಯಕೀಯ ದಾಖಲೆ, ಬಯೋಮೆಟ್ರಿಕ್. ಜಾತಿ ಅದರಲ್ಲೂ ಇರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇಂಥ ಪ್ರತ್ಯೇಕ ವರ್ಗವನ್ನೇ ಮಾಡಿಲ್ಲ; ವೈಯಕ್ತಿಕ ಡೇಟಾ ಎಲ್ಲವೂ ಅದಕ್ಕೆ ಒಂದೇ. ಬೇರೆ ಕಾಯ್ದೆಗಳ ಬಿಗಿ ಬೇರೆ ಇದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ, ಅದೇ ವರ್ಷದ ಎಚ್ಐವಿ ಕಾಯ್ದೆಯೂ ಹಾಗೇ.

ನಮ್ಮ ಲೆಕ್ಕ ಸರಳ. ಉತ್ತರ ಕೊಟ್ಟವರ ಎದುರುಮನೆಯವರಿಗೋ ಕೆಲಸ ಕೊಟ್ಟವರಿಗೋ ಸೊಸೆಗೋ ಗೊತ್ತಾದರೆ ಅವರಿಗೆ ತೊಂದರೆಯಾಗುವಂಥದ್ದು ಸೂಕ್ಷ್ಮ. ಚೀಟಿ ಹಾಕಿದ ವಿಷಯ ಕಾನೂನಿಗೆ ಸಾಮಾನ್ಯ ಇರಬಹುದು. ಗಂಡನಿಗೆ ಗೊತ್ತಿಲ್ಲದೆ ಚೀಟಿ ಹಾಕಿದವಳಿಗೆ ಅಲ್ಲ.

ಹೊಸ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆಯಂತಲ್ಲ?

ಇದೆ, 17ನೇ ಸೆಕ್ಷನ್‌ನಲ್ಲಿ. ಸಂಶೋಧನೆ, ದಾಖಲೆ ಸಂರಕ್ಷಣೆ, ಅಂಕಿಅಂಶ ಈ ಮೂರಕ್ಕೆ. ಷರತ್ತು ಎರಡು: ಆ ಡೇಟಾ ಬಳಸಿ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ನಿರ್ದಿಷ್ಟ ತೀರ್ಮಾನ ತೆಗೆದುಕೊಳ್ಳಬಾರದು, ಮತ್ತು ನಿಗದಿಪಡಿಸಿದ ಮಾನದಂಡ ಪಾಲಿಸಬೇಕು. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳ ಎರಡನೇ ಅನುಸೂಚಿಯಲ್ಲಿ ಆ ಮಾನದಂಡಗಳಿವೆ: ಬೇಕಾದಷ್ಟೇ ಬಳಸು, ಬೇಕಾದಷ್ಟು ಕಾಲ ಮಾತ್ರ ಇಟ್ಟುಕೋ, ಭದ್ರವಾಗಿಡು ಎಂಬ ಧಾಟಿಯವು. ವಿನಾಯಿತಿ ಎಂಬ ಪದ ಕೇಳಿ ಖುಷಿಯಾದವರು ಆ ಪುಟವನ್ನೂ ಓದಬೇಕು.

ಅರ್ಜಿಯಲ್ಲಿ ಏನು ನೋಡ್ತೀರಿ?

ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯಲ್ಲಿ ಎರಡು ದಶಕಗಳ ಹಿಂದೆ ರೂಪುಗೊಂಡ ‘ಫೈವ್ ಸೇಫ್ಸ್’ ಎಂಬ ಚೌಕಟ್ಟನ್ನು ಜಗತ್ತಿನ ಬಹಳಷ್ಟು ಡೇಟಾ ಕೇಂದ್ರಗಳು ಬಳಸುತ್ತವೆ, ನಾವೂ ಬಳಸುತ್ತೇವೆ. ಕೆಲಸ ಸರಿಯಾದದ್ದೇ, ಮಾಡುವವರು ನಂಬಬಹುದಾದವರೇ, ಕೂತು ಮಾಡುವ ಜಾಗ ಭದ್ರವೇ, ಡೇಟಾದಲ್ಲಿ ಎಷ್ಟು ಮರೆಮಾಡಿದೆ, ಹೊರಗೆ ಹೋಗುವ ಫಲಿತಾಂಶದಿಂದ ಯಾರಾದರೂ ಬಯಲಾಗುತ್ತಾರೆಯೇ? ಐದನ್ನೂ ಒಟ್ಟಿಗೆ ತೂಗಬೇಕು. ಒಂದು ಸಡಿಲವಾದರೆ ಇನ್ನೊಂದನ್ನು ಬಿಗಿ ಮಾಡಬೇಕು. ವಿವರವಾದ ಡೇಟಾ ಬೇಕೇ, ಹಾಗಾದರೆ ನಮ್ಮ ರೂಮಿಗೇ ಬಂದು ಕೂರಿ. ಮನೆಯಿಂದ ಮಾಡಬೇಕೇ, ಹಾಗಾದರೆ ವಾರ್ಡ್ ಬದಲು ವಲಯ, ಹುಟ್ಟಿದ ದಿನಾಂಕದ ಬದಲು ಐದು ವರ್ಷದ ವಯೋಗುಂಪು.

ಅರ್ಜಿಗಳು ಹೆಚ್ಚಾಗಿ ವಾಪಸ್ಸಾಗುವುದು ಒಂದೇ ಕಾರಣಕ್ಕೆ. ‘ಬೇಕಾದ ಅಂಶಗಳು’ ಎಂಬ ಕಾಲಂನಲ್ಲಿ ‘ಎಲ್ಲವೂ’ ಎಂದು ಬರೆದಿರುತ್ತಾರೆ. ಮಧುಮೇಹ ಮತ್ತು ನಿದ್ದೆಯ ಬಗ್ಗೆ ಬರೆಯುವವರಿಗೆ ಮನೆಯ ಸಾಲದ ವಿವರ ಏಕೆ? ಕಾರಣ ಹೇಳಿದರೆ ಕೊಡುತ್ತೇವೆ. ಕಾರಣ ಇರಲೂಬಹುದು, ಸಾಲದ ಚಿಂತೆಗೆ ನಿದ್ದೆ ಹೋಗುವುದಂತೂ ನಿಜ. ಬರೆಯಿರಿ, ಅಷ್ಟೇ.

ಎಥಿಕ್ಸ್ ಕಮಿಟಿ ಪತ್ರ ಇದೆ. ಅಷ್ಟು ಸಾಲದೇ?

ಬೇಕು, ಆದರೆ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಕಮಿಟಿ ನೋಡುವುದು ಕೆಲಸ ನ್ಯಾಯವಾದದ್ದೇ, ಒಪ್ಪಿಗೆ ಸರಿಯಾಗಿ ಪಡೆದಿದ್ದಾರೆಯೇ ಎಂಬುದನ್ನು. ನಿಮ್ಮ ಮೂರನೇ ಟೇಬಲ್‌ನ ಎರಡನೇ ಸಾಲಿನಲ್ಲಿ ಯಾರು ಕಾಣುತ್ತಾರೆ ಎಂಬುದು ಅವರ ಮುಂದೆ ಬರುವುದೇ ಇಲ್ಲ.

ಮುಂದಿನ ವಾರ ಥೀಸಿಸ್ ಸಬ್‌ಮಿಷನ್. ಬೇಗ ಆಗುತ್ತಾ?

ಆಗಲ್ಲ. ಆದರೆ ಕೈಕಟ್ಟಿ ಕೂರಬೇಕಿಲ್ಲ. ನಿಜವಾದ ಡೇಟಾದ ಆಕಾರವೇ ಇರುವ, ಒಳಗೆ ಒಬ್ಬ ನಿಜವಾದ ಮನುಷ್ಯನೂ ಇಲ್ಲದ ಕೃತಕ ಡೇಟಾ ಫೈಲ್ ಕೊಡುತ್ತೇವೆ. ಅದರ ಮೇಲೆ ಕೋಡ್ ಬರೆದಿಟ್ಟುಕೊಳ್ಳಿ, ಅನುಮತಿ ಬಂದ ದಿನ ಅದೇ ಕೋಡ್ ಒಳಗೆ ಓಡುತ್ತದೆ. ಅದರಿಂದ ಬಂದ ಸಂಖ್ಯೆಗಳನ್ನು ಮಾತ್ರ ದಯವಿಟ್ಟು ಥೀಸಿಸ್‌ಗೆ ಹಾಕಬೇಡಿ.

ಗೈಡ್ ನನ್ನ ಪಾಸ್‌ವರ್ಡ್ ಕೇಳ್ತಿದ್ದಾರೆ. ಸರ್‌ಗೆ ಇಲ್ಲ ಅನ್ನೋದು ಹೇಗೆ?

ಈ ಪ್ರಶ್ನೆಯನ್ನು ಯಾರೂ ಮೇಲ್‌ನಲ್ಲಿ ಕೇಳುವುದಿಲ್ಲ. ಬಾಗಿಲ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳುತ್ತಾರೆ.

ನಮ್ಮ ಮೇಲೆ ಹಾಕಿ. ‘ಡೇಟಾ ರೂಮಿನವರು ಬಿಡಲ್ಲ ಸರ್, ನಿಮ್ಮ ಹೆಸರಿಗೇ ಲಾಗಿನ್ ಮಾಡಿಕೊಡ್ತಾರಂತೆ, ಅರ್ಧ ಗಂಟೆಯ ತರಬೇತಿ ಅಷ್ಟೇ’ ಎನ್ನಿ. ಬೇಕಿದ್ದರೆ ನಾವೇ ಫೋನ್ ಮಾಡುತ್ತೇವೆ, ನೀವು ಹೇಳಿದ್ದೆಂದು ಬಾಯಿಬಿಡುವುದಿಲ್ಲ. ಪ್ರೊಫೆಸರ್ ಇರಲಿ, ನಿರ್ದೇಶಕರಿರಲಿ, ಡೇಟಾ ನೋಡುವ ಪ್ರತಿಯೊಬ್ಬರೂ ಬೇರೆಬೇರೆ ಸಹಿ ಹಾಕಬೇಕು. ಯಾರು ಯಾವಾಗ ಯಾವ ಫೈಲ್ ತೆರೆದರು ಎಂಬ ಲಾಗ್ ಇರುತ್ತದೆ. ಸರ್ ಮಾಡಿದ್ದು ನಿಮ್ಮ ಹೆಸರಿನಲ್ಲಿ ದಾಖಲಾದರೆ ಆಮೇಲೆ ಉತ್ತರ ಕೊಡಬೇಕಾದವರು ನೀವು. ನನ್ನ ಅನುಭವದಲ್ಲಿ ಡೇಟಾ ಕಳ್ಳರನ್ನು ನಾನು ಕಂಡೇ ಇಲ್ಲ. ಕಂಡದ್ದೆಲ್ಲ ಅವಸರದಲ್ಲಿರುವ ಒಳ್ಳೆಯವರನ್ನು, ಮತ್ತು ದೊಡ್ಡವರಿಗೆ ಇಲ್ಲವೆನ್ನಲು ಆಗದ ಚಿಕ್ಕವರನ್ನು.

ಬರೀ ಟೇಬಲ್ ತಾನೇ, ಅದನ್ನೂ ಯಾಕೆ ಪರೀಕ್ಷೆ ಮಾಡ್ತೀರಿ?

ಇದಕ್ಕೆ ಸ್ವಲ್ಪ ಕೂತು ಓದಿ. ನಮ್ಮಲ್ಲಿ ಹೆಚ್ಚು ಜಗಳವಾಗುವುದೂ ಇಲ್ಲೇ, ಹೆಚ್ಚು ಅಪಾಯವಿರುವುದೂ ಇಲ್ಲೇ.

ಒಂದು ವಾರ್ಡಿನಲ್ಲಿ 60 ದಾಟಿದ 214 ಜನರನ್ನು ಮಾತಾಡಿಸಿದ್ದೇವೆ ಅಂದುಕೊಳ್ಳಿ. ನಿಮ್ಮ ಮೊದಲ ಟೇಬಲ್ ಹೇಳುತ್ತದೆ: ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು 31. ಟೇಬಲ್‌ನಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಚೌಕಗಳನ್ನು ನಾವು ಮುಚ್ಚುತ್ತೇವೆ. ಇದು 31, ಬಿಟ್ಟೆವು. ಎರಡು ತಿಂಗಳಾದ ಮೇಲೆ ಜರ್ನಲ್‌ನ ರಿವ್ಯೂವರ್ ಏನೋ ಕೇಳಿದರೆಂದು, ಗಂಡನಿಂದ ಬೇರೆಯಾದವರನ್ನು ಬಿಟ್ಟು ಇನ್ನೊಂದು ಟೇಬಲ್ ಮಾಡಿದಿರಿ. ಒಟ್ಟು 213, ಔಷಧಿ ತೆಗೆದುಕೊಳ್ಳುವವರು 30. ಅದೂ ದೊಡ್ಡ ಸಂಖ್ಯೆಯೇ. ಈಗ ಎರಡನ್ನೂ ಪಕ್ಕದಲ್ಲಿಟ್ಟು ಕಳೆಯಿರಿ. ಉಳಿಯುವುದು ಒಬ್ಬರು. ಗಂಡನಿಂದ ಬೇರೆಯಾದ, 60 ದಾಟಿದ ಒಬ್ಬ ಹೆಂಗಸು, ಮತ್ತು ಆಕೆ ತೆಗೆದುಕೊಳ್ಳುವ ಔಷಧಿ. ಸರ್ವೆಗೆಂದು ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ಹೋದ ನಮ್ಮ ಹುಡುಗಿ ಯಾರ ಮನೆಯ ಜಗಲಿಯಲ್ಲಿ ಒಂದೂವರೆ ಗಂಟೆ ಕೂತಿದ್ದಳೆಂದು ಆ ಬೀದಿಗೆಲ್ಲ ಗೊತ್ತಿರುತ್ತದೆ.

ಅದಕ್ಕೇ ಹೊಸ ಟೇಬಲನ್ನು ಹಳೆಯ ಟೇಬಲ್‌ಗಳ ಜೊತೆ ಇಟ್ಟು ನೋಡುತ್ತೇವೆ, ನಿಮ್ಮದರ ಜೊತೆ ಮಾತ್ರವಲ್ಲ, ಅದೇ ಡೇಟಾ ಬಳಸಿದ ಬೇರೆಯವರದರ ಜೊತೆಗೂ. ಇದು ನಿಧಾನದ ಕೆಲಸ, ಯಂತ್ರಕ್ಕೆ ಪೂರ್ತಿ ಒಪ್ಪಿಸಲಾಗದು.

ದೊಡ್ಡ ಸಂಖ್ಯೆಯೂ ಕೈಕೊಡುತ್ತದೆ. ಒಂದು ಬಡಾವಣೆಯ ಒಂದು ಸಮುದಾಯದ 42 ಮನೆಗಳಲ್ಲಿ 42ಕ್ಕೂ ಬಡ್ಡಿ ಸಾಲ ಇದೆ ಎಂದು ಬರೆದರೆ ಪ್ರತಿ ಮನೆಯ ಗುಟ್ಟೂ ಹೊರಬಿತ್ತು, ಯಾರನ್ನೂ ಹುಡುಕುವ ಕಷ್ಟವೇ ಇಲ್ಲ. ಅತಿ ಹೆಚ್ಚು ಆದಾಯ, ಅತಿ ಹೆಚ್ಚು ವಯಸ್ಸು ಎಂದು ಕೊಡುವ ಸಂಖ್ಯೆ ಒಬ್ಬ ವ್ಯಕ್ತಿಯದೇ. ಚುಕ್ಕಿ ಚುಕ್ಕಿಯ ಗ್ರಾಫಿನಲ್ಲಿ ಒಂದೊಂದು ಚುಕ್ಕಿಯೂ ಒಬ್ಬರು. ಒಂದು ಅಂಶಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಅಳೆಯುವ ರಿಗ್ರೆಷನ್ ಟೇಬಲ್‌ಗಳು ಸಾಮಾನ್ಯವಾಗಿ ಬೇಗ ಪಾಸಾಗುತ್ತವೆ.

ಎಕ್ಸೆಲ್ ಫೈಲ್ ಯಾಕೆ ಹೊರಗೆ ಬಿಡಲ್ಲ?

ಇದು ನನ್ನ ತಪ್ಪಿನಿಂದ ಹುಟ್ಟಿದ ನಿಯಮ. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ, ಒಂದು ಸಭೆಗೆಂದು ಹನ್ನೆರಡು ಸಾಲಿನ ಚೊಕ್ಕ ಪಿವಟ್ ಟೇಬಲ್ (ದೊಡ್ಡ ಡೇಟಾವನ್ನು ಎಕ್ಸೆಲ್ ತಾನೇ ಒಟ್ಟುಗೂಡಿಸಿ ತೋರಿಸುವ ಟೇಬಲ್) ಮಾಡಿ ಎಂಟು ಜನರಿಗೆ ಮೇಲ್ ಮಾಡಿದೆ. ಮೂಲ ಶೀಟನ್ನು ಅಳಿಸಿದ್ದೆ ಕೂಡ. ಸಂಜೆ ಒಬ್ಬರು ಫೋನ್ ಮಾಡಿ, ‘ಅಲ್ಲಾ, ಈ 17 ಎಂಬ ಸಂಖ್ಯೆ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಹದಿನೇಳೂ ಜನರ ಸಾಲು ಬರ್ತಿದೆಯಲ್ರೀ’ ಎಂದರು. ಪಿವಟ್ ಟೇಬಲ್ ಮೂಲ ಡೇಟಾದ ಒಂದು ಪ್ರತಿಯನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ. ಶೀಟ್ ಅಳಿಸಿದರೂ ಅದು ಹೋಗುವುದಿಲ್ಲ. ಆ ರಾತ್ರಿ ಎಂಟೂ ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಅಳಿಸಲು ಕೇಳಿಕೊಂಡೆ. ಒಬ್ಬರು ಆಗಲೇ ಇನ್ನೊಬ್ಬರಿಗೆ ಕಳಿಸಿದ್ದರು.

ನನ್ನದು ಸಣ್ಣದು. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸರು ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಕೊಟ್ಟ ಸ್ಪ್ರೆಡ್‌ಶೀಟಿನಲ್ಲಿ ಮರೆಯಾಗಿದ್ದ ಒಂದು ಶೀಟ್ ಉಳಿದುಬಿಟ್ಟು, ಸುಮಾರು ಒಂಬತ್ತೂವರೆ ಸಾವಿರ ಸಿಬ್ಬಂದಿಯ ವಿವರ ಜಾಲಕ್ಕೆ ಹೋಯಿತು. ಆದ್ದರಿಂದ ನಮ್ಮಲ್ಲಿ ಹೊರಹೋಗುವುದು ಪಿಡಿಎಫ್ ಅಥವಾ ಬರೀ ಪಠ್ಯದ ಫೈಲ್ ಮಾತ್ರ.

ಮನೆಯಿಂದ, ಪೀಜಿಯಿಂದ, ಕೆಫೆಯಿಂದ ಕೆಲಸ ಮಾಡಬಹುದಾ?

ಮನೆಯಿಂದ ಆಗಬಹುದು, ಬಾಗಿಲು ಹಾಕಿಕೊಳ್ಳುವ ಕೋಣೆ ಇದ್ದರೆ. ಮೂರು ಜನ ಹಂಚಿಕೊಂಡ ಪೀಜಿ ರೂಮಿನಿಂದ ಬೇಡ, ನಮ್ಮಲ್ಲಿಗೇ ಬನ್ನಿ. ಕೆಫೆಯಿಂದ ಖಂಡಿತ ಇಲ್ಲ. ಪರ್ಪಲ್ ಲೈನ್ ಮೆಟ್ರೋದಲ್ಲಿ ಲ್ಯಾಪ್‌ಟಾಪ್ ತೆರೆದು ಲಾಗಿನ್ ಆದವರೊಬ್ಬರಿದ್ದರು. ಪಕ್ಕದಲ್ಲಿ ನಿಂತಿದ್ದದ್ದು ನಮ್ಮ ಸಹೋದ್ಯೋಗಿ. ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ‘ಈ ಎರರ್ ಯಾಕೆ ಬರ್ತಿದೆ’ ಎಂದು ಕೇಳುವುದೂ ಬೇಡ. ಎರರ್ ಜೊತೆಗೆ ಸಾಲುಗಳೂ ಬರುತ್ತವೆ.

ಚಾಟ್‌ಜಿಪಿಟಿಗೆ ಹಾಕಿ ಕೋಡ್ ಸರಿ ಮಾಡಿಸಬಹುದಾ?

ಕೋಡ್ ಹಾಕಿ. ಡೇಟಾ ಬೇಡ, ನಾಲ್ಕೇ ಸಾಲಾದರೂ ಬೇಡ. ಕೃತಕ ಡೇಟಾ ಕೊಟ್ಟಿದ್ದು ಇದಕ್ಕೂ ಆಗುತ್ತದೆ.

ನನ್ನದು ಸಂದರ್ಶನಗಳು, ಅಂಕಿ ಅಲ್ಲ. ಹೆಸರು ಬದಲಾಯಿಸಿದರೆ ಆಯ್ತಲ್ಲ?

ಅಂಕಿಗಿಂತ ಇದೇ ಕಷ್ಟ. ‘ನಮ್ಮ ಯಜಮಾನ್ರು ಕೆಂಗೇರಿ ಡಿಪೋದಲ್ಲಿ ಡ್ರೈವರ್ರು, ಆಕ್ಸಿಡೆಂಟ್ ಆದ್ಮೇಲೆ ಮನೇಲೇ ಅವ್ರೆ, ದೊಡ್ಡ ಮಗಳು ನರ್ಸು’ ಎಂಬ ಒಂದೇ ವಾಕ್ಯದಲ್ಲಿ ಹೆಸರಿಲ್ಲ, ಆದರೆ ಮನೆಯೇ ಇದೆ. ಡಿಪೋ ಹೆಸರು ತೆಗೆದು ‘ಸಾರಿಗೆ ನೌಕರ’ ಎನ್ನಬಹುದು, ಮಗಳ ಕೆಲಸ ಬಿಡಬಹುದು. ಮಾತಿನ ಧಾಟಿಯನ್ನು ಏನು ಮಾಡುತ್ತೀರಿ? ಕುಂದಾಪುರದ ಕನ್ನಡವೋ ಕಲಬುರಗಿಯ ಕನ್ನಡವೋ ಎಂದು ಓದಿದವರಿಗೆ ತಿಳಿಯುತ್ತದೆ. ಗ್ರಾಂಥಿಕಕ್ಕೆ ತಿದ್ದಿದರೆ ಸಂದರ್ಶನದ ಜೀವ ಹೋಗುತ್ತದೆ. ಇದಕ್ಕೆ ಒಂದೇ ಸೂತ್ರ ನಮ್ಮಲ್ಲಿಲ್ಲ. ಒಂದೊಂದು ಉಲ್ಲೇಖವನ್ನೂ ನಿಮ್ಮ ಜೊತೆ ಕೂತು ನೋಡುತ್ತೇವೆ. ಧ್ವನಿಮುದ್ರಿಕೆಗಳನ್ನು ಕೇಳಬೇಕೆಂದರೆ ರೂಮಿಗೇ ಬರಬೇಕು, ಹೆಡ್‌ಫೋನ್ ನಾವೇ ಕೊಡುತ್ತೇವೆ.

ಡೇಟಾದಲ್ಲಿ ಪರಿಚಯದವರು ಕಂಡ ಹಾಗಾಯ್ತು. ಏನು ಮಾಡಲಿ?

ಇದೇ ಊರಿನ ಡೇಟಾ, ಇದೇ ಊರಿನ ಸಂಶೋಧಕರು. ಆಗುತ್ತದೆ. ಅಲ್ಲಿಗೆ ನಿಲ್ಲಿಸಿ, ‘ಹೌದಾ ಅಲ್ಲವಾ’ ಎಂದು ಇನ್ನೊಂದು ಕಾಲಂ ತೆರೆದು ಖಚಿತ ಮಾಡಿಕೊಳ್ಳಲು ಹೋಗಬೇಡಿ. ಆ ಇನ್ನೊಂದು ಕ್ಲಿಕ್ಕೇ ತಪ್ಪು. ಕಣ್ಣಿಗೆ ಬಿದ್ದದ್ದು ತಪ್ಪಲ್ಲ. ನಮಗೆ ತಿಳಿಸಿ, ಹೆಸರು ಹೇಳಬೇಡಿ, ಸಾಲಿನ ಸಂಖ್ಯೆ ಸಾಕು. ಆ ಸಾಲನ್ನು ನಿಮ್ಮ ಪ್ರತಿಯಿಂದ ತೆಗೆಯುತ್ತೇವೆ ಅಥವಾ ಇನ್ನಷ್ಟು ಮಸುಕು ಮಾಡುತ್ತೇವೆ.

ಏನೋ ತಪ್ಪಾಗಿಬಿಟ್ಟಿದೆ. ನಾಳೆ ಬೆಳಿಗ್ಗೆ ಹೇಳಿದರೆ ಆಗುತ್ತಾ?

ಈಗಲೇ ಫೋನ್ ಮಾಡಿ, ರಾತ್ರಿ ಎರಡಾದರೂ ಸರಿ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ಹೊಸ ಡೇಟಾ ಕಾಯ್ದೆಯಲ್ಲಿ ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ಸೋರಿಕೆಯನ್ನು ತಿಳಿಸದೇ ಇದ್ದರೆ ಅದಕ್ಕೇ ಬೇರೆ 200 ಕೋಟಿವರೆಗೆ. ಬೈಯುತ್ತೇವೆಂದು ಹೆದರಬೇಡಿ. ಎಂಟು ಜನರಿಗೆ ಫೋನ್ ಮಾಡಿದ ರಾತ್ರಿ ನನಗೆ ನೆನಪಿದೆ.

ಜೊತೆಗಾರರು ವಿದೇಶದಲ್ಲಿದ್ದಾರೆ. ಅವರಿಗೂ ಲಾಗಿನ್ ಕೊಡ್ತೀರಾ?

ಸ್ಕ್ರೀನ್ ಹಂಚಿಕೊಂಡು ತೋರಿಸಿದರೂ ಅದು ಕೊಟ್ಟ ಹಾಗೇ ಎಂಬುದನ್ನು ಮೊದಲು ತಿಳಿದಿರಿ. ಆರೋಗ್ಯ ಸಂಶೋಧನೆಯಾದರೆ ವಿದೇಶಿ ಸಹಯೋಗಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳನ್ನು ಎಣಿಸಿಟ್ಟುಕೊಳ್ಳಿ. ಪರಿಶೀಲನೆ ಮುಗಿದು ಹೊರಬಂದ ಟೇಬಲ್‌ಗಳನ್ನು ಧಾರಾಳವಾಗಿ ಹಂಚಿಕೊಳ್ಳಿ.

ನಾವು ಸ್ಟಾರ್ಟಪ್. ದುಡ್ಡು ಕೊಟ್ಟರೆ ಡೇಟಾ ಸಿಗುತ್ತಾ?

ಇಲ್ಲ. ದುಡ್ಡಿನ ಪ್ರಶ್ನೆ ಬಿಡಿ, ಉತ್ತರ ಕೊಟ್ಟವರು ಒಪ್ಪಿದ್ದು ಸಂಶೋಧನೆಗೆ. ಸಂಶೋಧನೆಯೇ ನಿಮ್ಮ ಉದ್ದೇಶವಾದರೆ ಎಲ್ಲರ ಹಾಗೆ ಅರ್ಜಿ ಹಾಕಿ. ದೊಡ್ಡ ಯೋಜನೆಗಳೂ ಇದೇ ದಾರಿ ಹಿಡಿದಿವೆ: ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜಿನೋಮ್ ಇಂಡಿಯಾದ ಸುಮಾರು 10,000 ಜನರ ಜೀನೋಮ್ ಡೇಟಾ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಅದು ಇರುವುದು ಫರೀದಾಬಾದಿನ ಭಾರತೀಯ ಜೈವಿಕ ಡೇಟಾ ಕೇಂದ್ರದಲ್ಲಿ, ಸಿಗುವುದು ನಿಯಮಕ್ಕೆ ಒಳಪಟ್ಟು.

ನಾನು ಸಂಶೋಧಕಿ ಅಲ್ಲ. ನಿಮ್ಮ ಸರ್ವೆಯಲ್ಲಿ ಉತ್ತರ ಕೊಟ್ಟವಳು. ನನ್ನ ವಿವರ ಯಾರು ನೋಡ್ತಿದ್ದಾರೆ?

ಇದನ್ನು ಕೇಳಿದವರು ಇದುವರೆಗೆ ಇಬ್ಬರೇ, ಇಬ್ಬರೂ ಹೆಂಗಸರು. ಕೇಳುವ ಹಕ್ಕು ಎಲ್ಲರಿಗೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಿಮ್ಮ ಸರ್ವೆಯ ಡೇಟಾ ಬಳಸಲು ಯಾರಿಗೆ, ಯಾವ ವಿಷಯಕ್ಕೆ, ಎಂದಿನವರೆಗೆ ಅನುಮತಿ ಇದೆ ಎಂಬ ಪಟ್ಟಿಯನ್ನು ನಮ್ಮ ಕಚೇರಿಯ ಹೊರಗಿನ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿದ್ದೇವೆ. ಸರ್ವೆಯಿಂದಲೇ ಹೊರಗೆ ಬರಬೇಕೆಂದರೆ ನಿಮ್ಮ ಒಪ್ಪಿಗೆ ಪತ್ರದ ಕೆಳಗಿರುವ ಸಂಖ್ಯೆ ತನ್ನಿ, ಕಾರಣ ಹೇಳಬೇಕಿಲ್ಲ. ಅಂದಿನಿಂದ ಮುಂದಿನ ಯಾವ ಫೈಲಿನಲ್ಲೂ ನೀವಿರುವುದಿಲ್ಲ. ಆಗಲೇ ಅಚ್ಚಾದ ಟೇಬಲ್‌ಗಳಿಂದ ತೆಗೆಯಲು ಆಗುವುದಿಲ್ಲ, ಅದನ್ನು ಮುಂಚೆಯೇ ಹೇಳಿಬಿಡುತ್ತೇವೆ. ಪತ್ರ ಕಳೆದುಹೋಗಿದ್ದರೆ ಸರ್ವೆಗೆ ಬಂದ ತಿಂಗಳು ಮತ್ತು ಬೀದಿ ಹೇಳಿ, ಪಟ್ಟಿ ಇಟ್ಟುಕೊಂಡವರು ಹುಡುಕಿಕೊಡುತ್ತಾರೆ. ಕಚೇರಿ ಹತ್ತರಿಂದ ಐದೂವರೆವರೆಗೆ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ.